ಒಂಬೈನೂರು ಸಲ ಎಡಕ್ಕೆ ಒತ್ತಿ

ಬೇಕಿದ್ದದ್ದು ಒಂದು ಬಾಟಲಿ ಮಂಡಿನೋವಿನ ಎಣ್ಣೆ. ಆ್ಯಪ್‌ಗೆ ಮಾತ್ರ ಮೊದಲು ಹುಟ್ಟಿದ ತಾರೀಖು ಬೇಕಂತೆ. ಒತ್ತಿದರೆ ಕ್ಯಾಲೆಂಡರ್ ತೆರೆಯುತ್ತದೆ, ಅದೂ ಈ ತಿಂಗಳಿನದು. ಎಡಗಡೆಯ ಬಾಣ ಒಮ್ಮೆ ಒತ್ತಿದರೆ ಒಂದು ತಿಂಗಳು ಹಿಂದಕ್ಕೆ. ಎಪ್ಪತ್ತೈದರ ಅಜ್ಜ ತಮ್ಮ ಹುಟ್ಟಿನ ತನಕ ಹೋಗಬೇಕಾದರೆ ಎಪ್ಪತ್ತೈದು ಹನ್ನೆರಡಲ, 900 ಸಲ ಒತ್ತಬೇಕು. ನೂರೈವತ್ತಕ್ಕೆಲ್ಲ ಹೆಬ್ಬೆರಳಿಗೂ ಅದೇ ಎಣ್ಣೆ ಬೇಕಾಗುತ್ತದೆ. ಮೇಲಿರುವ ಇಸವಿಯನ್ನು ಮುಟ್ಟಿದರೆ ಇಸವಿಗಳ ಪಟ್ಟಿಯೇ ಇಳಿಯುತ್ತದೆ, ನಿಜ. ಆದರೆ ಅದು ಮುಟ್ಟುವಂಥದ್ದು ಅಂತ ಯಾರಿಗೆ ಗೊತ್ತು? 1987ರ ಹತ್ತಿರ ಅಂಗೈ ತಾಗಿ ಕ್ಯಾಲೆಂಡರ್ ಮುಚ್ಚಿಕೊಂಡರೆ ಮತ್ತೆ ಇವತ್ತಿನಿಂದ ಶುರು.

ಇಷ್ಟು ಬೆವರಿಳಿಸಿ ಕೊಟ್ಟ ತಾರೀಖಾದರೂ ನಿಜವೇ? ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಹಾಗಾಗಿ ಪ್ರತಿ ಜೂನ್ 1ಕ್ಕೆ ಅರ್ಧ ಊರಿನ ಹಿರಿಯರ ಫೋನು ಒಟ್ಟಿಗೇ ಕಿಣಿಕಿಣಿ: ಹುಟ್ಟುಹಬ್ಬದ ಶುಭಾಶಯ, ಕೇಕಿನ ಮೇಲೆ ರಿಯಾಯಿತಿ. ಪಾಪ, ಸಕ್ಕರೆ ಕಾಯಿಲೆಯವರಿಗೆ. ಅವ್ವನ ಲೆಕ್ಕದಲ್ಲಿ ಮಗ ಹುಟ್ಟಿದ್ದು ಗೌರಿ ಹಬ್ಬ ಕಳೆದ ಮೂರನೇ ದಿನ, ಕೆರೆ ಕೋಡಿ ಬಿದ್ದ ವರ್ಷ. ಆ ಕೋಡಿ ಈಗ ಯಾರ ನೆನಪಲ್ಲೂ ಇಲ್ಲ.

ತಾರೀಖು ಸಿಕ್ಕಮೇಲೆ ಮಾರುವವರು ಜನರನ್ನು ಡಬ್ಬಿಗೆ ತುಂಬುತ್ತಾರೆ. ಗೂಗಲ್ ಜಾಹೀರಾತಿನಲ್ಲಿ 18–24 ಒಂದು ಡಬ್ಬಿ, 25–34 ಇನ್ನೊಂದು, ಹೀಗೇ 64ರ ತನಕ. ಆಮೇಲೆ 65+, ಬಾಕಿಯವರೆಲ್ಲ ಒಂದೇ ಗೋಣಿಚೀಲ. 66ರ ಮಗನೂ 90ರ ಅಪ್ಪನೂ ಅದರೊಳಗೇ. ತಲೆಮಾರಿನ ಹೆಸರುಗಳಂತೂ ಅಮೆರಿಕದಿಂದ ಬಂದವು. ಯುದ್ಧ ಮುಗಿದು ಅಲ್ಲಿ ತೊಟ್ಟಿಲು ತುಂಬಿದ್ದಕ್ಕೆ 1946–64ರವರು 'ಬೂಮರ್'. ನಮ್ಮಲ್ಲಿ ತಲೆಮಾರು ಬದಲಾದದ್ದು ಬೀದಿಗೆ ಕಲರ್ ಟಿವಿ ಬಂದಾಗ, 2016ರಲ್ಲಿ ಜಿಯೋ ಸಿಮ್ ಬಂದಾಗ.

ಇಷ್ಟೆಲ್ಲ ಮಾಡಿಯೂ ಲೆಕ್ಕ ತಪ್ಪುತ್ತದೆ, ಏಕೆಂದರೆ ಮನೆಯಲ್ಲಿ ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಅಜ್ಜನಿಗೆ ಎಣ್ಣೆ ತರಿಸಿದ ಮೊಮ್ಮಗಳಿಗೆ ತಿಂಗಳಿಡೀ ಊರುಗೋಲು, ಮಂಡಿಪಟ್ಟಿ, ಕಿವಿಯ ಮೆಷಿನ್ನು. ಬಟ್ಟೆ ಅಂಗಡಿಯ ಬಿಲ್ಲಿಗೆ ಅವಳು ಕೊಟ್ಟ ಅಜ್ಜನ ನಂಬರಿಗೆ ಕ್ರಾಪ್ ಟಾಪ್, ಎರಡು ಕೊಂಡರೆ ಒಂದು ಉಚಿತ. 'START 0' ಎಂದು ಇಂಗ್ಲಿಷಿನಲ್ಲೇ ಟೈಪ್ ಮಾಡಿ 1909 ನಂಬರಿಗೆ ಎಸ್ಸೆಮ್ಮೆಸ್ ಕಳಿಸಿದರೆ ಫೋನಿಗೆ ಬರುವ ಇಂಥ ಜಾಹೀರಾತು ಮೆಸೇಜು ಬಹುಪಾಲು ನಿಲ್ಲುತ್ತದೆ. ಒಪ್ಪಿಗೆಯ ಚೌಕಕ್ಕೆ ಎಲ್ಲೋ ಟಿಕ್ ಹಾಕಿದ್ದರೆ ಆ ಅಂಗಡಿಯದ್ದು ಮಾತ್ರ ಬೆನ್ನು ಬಿಡುವುದಿಲ್ಲ.

ಅಂದಹಾಗೆ, ಆ ಎಣ್ಣೆ ಮೂಲೆಯ ಅಂಗಡಿಯಲ್ಲೂ ಸಿಗುತ್ತದೆ. ಅಲ್ಲಿ ಕೇಳುವುದು ಒಂದೇ: "ದೊಡ್ಡ ಬಾಟ್ಲಾ, ಸಣ್ಣದಾ, ಯಜಮಾನ್ರೇ?"