ಸರ್ಕಾರದ ಬಾಗಿಲು ತಟ್ಟಿದವರ ಹೆಸರು ಬರೆದಿಡಿ

2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಊರಿಗೆ ಅಂಟಿಕೊಂಡೇ ಬರಲಿದ್ದ ಉಕ್ಕಿನ ಕಾರ್ಖಾನೆ ಬೇಡ ಎಂದು ಗವಿಮಠದ ಸ್ವಾಮೀಜಿಯೇ ದನಿ ಎತ್ತಿದರು. ಪಕ್ಷ ನೋಡದೆ ಜನ ಸೇರಿದರು. ಮುಂದೆ ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿ ಸೂಚಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಕೂತು ಆ ವಿಡಿಯೊ ನೋಡಿದ ನನಗೆ ಹೆಮ್ಮೆಯಾಯಿತು. ಅದೇ ಹೊತ್ತಿಗೆ ಪಕ್ಕದ ರಾಯಚೂರಿನಲ್ಲಿ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಇನ್ನೂ ಕೂತೇ ಇದ್ದರು. ರಾಜ್ಯ ಸರ್ಕಾರ ಪತ್ರ ಬರೆದರೂ ದಿಲ್ಲಿ ಒಪ್ಪಿರಲಿಲ್ಲ.

ಈ ಎರಡೂ ಹೋರಾಟ ಎಲ್ಲರ ಕಣ್ಣಿಗೆ ಕಂಡವು. ನನ್ನನ್ನು ಕಾಡುವುದು ಕಣ್ಣಿಗೆ ಬೀಳದ ಗುಂಪುಗಳು.

ನಾನು ಮಾನ್ವಿ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 220 ಕಿಲೋಮೀಟರಿಗೂ ಜಾಸ್ತಿ ಹರಿದು ನಮ್ಮ ಕಡೆ ಬರುತ್ತದೆ. ಯೋಜನೆ ಮಾಡಿದಾಗ ಇಲ್ಲಿ ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಎಂದೇ ಲೆಕ್ಕ ಹಾಕಿದ್ದರು. ಆದರೆ ಗಂಗಾವತಿ, ಕಾರಟಗಿ ಸುತ್ತ ಭತ್ತ ಬಂತು. ಭತ್ತದ ಹಿಂದೆ ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ಸಾಲ ಕೊಡುವವರು, ಮಿಲ್ಲಿನ ದುಡ್ಡಿನಲ್ಲಿ ಚುನಾವಣೆ ಮಾಡುವವರು ಎಲ್ಲರೂ ಬಂದರು. ಇವರದೇ ಒಂದು ಗುಂಪಾಯಿತು. ಅದಕ್ಕೆ ಹೆಸರಿಲ್ಲ, ಬ್ಯಾನರ್ ಇಲ್ಲ, ಧರಣಿ ಬೇಕಿಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುವುದು ನಿಲ್ಲಬಾರದು, ಕಾಲುವೆಗೆ ಇಟ್ಟ ಪಂಪ್‌ಸೆಟ್ ಯಾರೂ ಕೀಳಬಾರದು. ಅವರಿಗೆ ಬೇಕಾದ್ದು ಇಷ್ಟೇ. ಹಾಗಾಗಿ ಏನೂ ಬದಲಾಗದಿದ್ದರೆ ಅವರು ಗೆದ್ದ ಹಾಗೆ.

ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರದು ಬೇರೆ ಕಥೆ. ನೀರು ಬಾರದೆ ಬೆಳೆ ಬಾಡಿದಾಗ ರಸ್ತೆಗೆ ಇಳಿಯುತ್ತಾರೆ. ಅಧಿಕಾರಿ ಬಂದು ನಾಲ್ಕು ದಿನ ನೀರು ಬಿಡಿಸುತ್ತಾರೆ. ಗುಂಪು ಕರಗುತ್ತದೆ. ಹಸಿ ಹೊಲ ಬಿಟ್ಟು ಯಾರು ತಾನೇ ಕಚೇರಿ ಅಲೆಯುತ್ತಾರೆ? ನಷ್ಟ ಸಾವಿರಾರು ಮನೆಗೆ ಹಂಚಿಹೋದಾಗ ಒಬ್ಬೊಬ್ಬರ ಪಾಲಿಗೆ ಬರುವುದು ಹೋರಾಟಕ್ಕೆ ಸಾಲುವಷ್ಟು ಇರುವುದಿಲ್ಲ. ಲಾಭ ಕೆಲವೇ ಮಂದಿಗೆ ಸೇರಿದಾಗ ಅವರು ವರ್ಷವಿಡೀ ಬೆಂಗಳೂರಿಗೆ ಓಡಾಡುತ್ತಾರೆ. ಬಳ್ಳಾರಿಯ ಅದಿರಿನ ಕಾಲದಲ್ಲೂ ಆದದ್ದು ಇದೇ. ಸುಪ್ರೀಂ ಕೋರ್ಟ್ 2011ರಲ್ಲಿ ಗಣಿ ನಿಲ್ಲಿಸುವವರೆಗೆ ದೂಳು ಕುಡಿದವರ ದನಿ ಲಾರಿ ಉಳ್ಳವರ ದನಿಯ ಮುಂದೆ ಏಳಲೇ ಇಲ್ಲ.

ಈಗ ನಾನಿರುವ ಫ್ರೆಸ್ನೊ ಸುತ್ತಲೂ ಬಾದಾಮಿ, ದ್ರಾಕ್ಷಿ ತೋಟ. ಅವಕ್ಕೂ ಕಾಲುವೆ ನೀರೇ ಆಸರೆ, ಬಡಿದಾಟವೂ ಅಷ್ಟೇ ಇದೆ. ಇಲ್ಲಿನ ವ್ಯವಸ್ಥೆ ನ್ಯಾಯವಾದದ್ದು ಎಂದು ನಾನು ಹೇಳಲಾರೆ. ಪಕ್ಕದ ವೆಸ್ಟ್‌ಲ್ಯಾಂಡ್ಸ್ ನೀರಾವರಿ ಸಂಸ್ಥೆಯಲ್ಲಿ ಜಮೀನಿನ ಬೆಲೆಗೆ ತಕ್ಕಂತೆ ಮತ. ಕೂಲಿಯವರಿಗೆ ಅಲ್ಲಿ ಮಾತೇ ಇಲ್ಲ. ದುಡ್ಡಿದ್ದವರ ಕೈ ಇಲ್ಲಿಯೂ ಉದ್ದ.

ಆದರೆ ಎರಡು ಕಾನೂನು ನನಗೆ ಇಷ್ಟವಾದವು. ಒಂದು 1953ರದು. ನೀರಾವರಿ ಮಂಡಳಿಯಂಥ ಸಂಸ್ಥೆ ಮಾಮೂಲಿ ಸಭೆಗೆ 72 ಗಂಟೆ ಮೊದಲೇ ವಿಷಯಪಟ್ಟಿ ಹಾಕಬೇಕು. ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು. ಇನ್ನೊಂದನ್ನು 1974ರಲ್ಲಿ ಈ ರಾಜ್ಯದ ಜನರೇ ಮತ ಹಾಕಿ ತಂದರು. ಸಂಬಳ ಪಡೆದು ಲಾಬಿ ಮಾಡುವವರು, ಅಂದರೆ ಬೇರೆಯವರ ಪರವಾಗಿ ಸರ್ಕಾರದ ಮೇಲೆ ಪ್ರಭಾವ ಬೀರುವವರು, ಹೆಸರು ನೋಂದಾಯಿಸಬೇಕು. ಯಾರ ಪರವಾಗಿ, ಯಾವ ಮಸೂದೆಗಾಗಿ, ಎಷ್ಟು ದುಡ್ಡಿಗೆ ಎಂದು 3 ತಿಂಗಳಿಗೊಮ್ಮೆ ಬರೆದುಕೊಡಬೇಕು. ಒಬ್ಬ ಅಧಿಕಾರಿಗೆ ತಿಂಗಳಿಗೆ 10 ಡಾಲರ್ ಮೀರಿದ ಉಡುಗೊರೆ ಕೊಡುವಂತಿಲ್ಲ. ಮನೆಯಲ್ಲೇ ಕೂತು ನಾನು ಆ ದಾಖಲೆ ತೆಗೆದು ಓದಬಲ್ಲೆ. ಪ್ರಭಾವ ಇದರಿಂದ ಕಮ್ಮಿ ಆಗಿಲ್ಲ. ಆದರೆ ಯಾರದು ಎಂದು ಗೊತ್ತಾಗುತ್ತದೆ. ಎದುರು ನಿಲ್ಲುವವರಿಗೆ ಎಲ್ಲಿ ನಿಲ್ಲಬೇಕು ಎನ್ನುವುದಾದರೂ ತಿಳಿಯುತ್ತದೆ, ಅಲ್ವಾ?

ಭಾರತದಲ್ಲಿ ಇಂಥ ಕಾನೂನೇ ಇಲ್ಲ. ನಮ್ಮ ಮಾರುಕಟ್ಟೆಗೆ ಬರಲು ವಾಲ್‌ಮಾರ್ಟ್ ಲಾಬಿ ಮಾಡಿದ ಸುದ್ದಿ 2012ರಲ್ಲಿ ನಮ್ಮ ಸಂಸತ್ತನ್ನೇ ಅಲುಗಾಡಿಸಿತು. ಆ ಸುದ್ದಿ ಸಿಕ್ಕಿದ್ದು ಕಂಪನಿ ಅಮೆರಿಕದ ಸೆನೆಟ್‌ಗೆ ಕೊಟ್ಟ ವರದಿಯಿಂದ. ನಮ್ಮ ಕಡತಗಳಿಂದ ಅದು ಎಂದಿಗೂ ಹೊರಬರುತ್ತಿರಲಿಲ್ಲ.

ದೇಶಕ್ಕೆ ಕಾನೂನು ಬರುವ ತನಕ ಕಾಯಬೇಕಿಲ್ಲ. ಕಾಲುವೆಗೆ ಎಷ್ಟು ನೀರು, ಎಂದಿನಿಂದ ಎಂದು ಮಾತಾಡುವುದು ನೀರಾವರಿ ಸಲಹಾ ಸಮಿತಿ. ಅದರ ಸಭೆ ಒಮ್ಮೆ ಮುನಿರಾಬಾದಿನಲ್ಲಿ, ಇನ್ನೊಮ್ಮೆ ಬೆಂಗಳೂರಿನಲ್ಲಿ ನಡೆಯುತ್ತದೆ. ನೀರು ಬಳಕೆದಾರರ ಸಂಘಗಳು ಎಷ್ಟೋ ಊರುಗಳಲ್ಲಿ ಕಾಗದದ ಮೇಲಷ್ಟೇ ಇವೆ. ಮುಂದಿನ ಮುಂಗಾರಿನ ಸಭೆಗೆ ಹೋಗುವ ಕೊನೆ ಭಾಗದ ರೈತರು ನೀರಿನ ಜತೆಗೆ ಇನ್ನೂ 3 ಬೇಡಿಕೆ ಇಡಲಿ. ಸಭೆ ಕಾಲುವೆ ಇರುವ ಜಿಲ್ಲೆಯಲ್ಲೇ ಆಗಬೇಕು. ವಿಷಯಪಟ್ಟಿ 3 ದಿನ ಮೊದಲೇ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು. ನೀರಿನ ವಿಷಯಕ್ಕೆ ಸಮಿತಿಯ ಅಧ್ಯಕ್ಷರನ್ನು, ಎಂಜಿನಿಯರ್‌ಗಳನ್ನು ಆ ಹಂಗಾಮಿನಲ್ಲಿ ಭೇಟಿಯಾದವರೆಲ್ಲರ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಅಂಟಿಸಬೇಕು.