ಸೀಟಿಗೂ ಪರೀಕ್ಷೆಗೂ ನಡುವಿನ ತರಗತಿ

ನಾನು ಹುಟ್ಟಿದ್ದು ಮಳವಳ್ಳಿ ಕಡೆಯ ಹಳ್ಳಿಯಲ್ಲಿ, ಓದಿದ್ದು ಮೈಸೂರಿನಲ್ಲಿ. ಈಗ ಅಮೆರಿಕದ ಒಹಾಯೊ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಗಣಿತ ಕಲಿಸುತ್ತೇನೆ. ರಜೆಗೆ ಬಂದಾಗ ಮಂಡ್ಯ, ಮೈಸೂರುಗಳ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವ ಗೆಳೆಯರನ್ನು ಕಂಡು ಮಾತಾಡುವುದುಂಟು. ಯಾವ ವಿಷಯದಿಂದ ಶುರುವಾದರೂ ಆ ಮಾತು ಮೊದಲ ಸೆಮಿಸ್ಟರ್‌ನಲ್ಲೇ ಹಿಂದೆ ಬಿದ್ದು, ಬ್ಯಾಕ್‌ಲಾಗ್ ಹೊತ್ತುಕೊಂಡು, ಕೊನೆಗೊಂದು ದಿನ ಕಾಲೇಜಿಗೆ ಬರುವುದನ್ನೇ ಬಿಟ್ಟುಬಿಡುವ ಮಕ್ಕಳ ವಿಷಯಕ್ಕೆ ಬಂದು ನಿಲ್ಲುತ್ತದೆ. ಅಂಥ ಮಕ್ಕಳು ಅಮೆರಿಕದಲ್ಲೂ ಇದ್ದಾರೆ. ಎರಡು ಕಡೆಯ ವ್ಯವಸ್ಥೆಗಳನ್ನು ಒಳಗಿನಿಂದ ಕಂಡ ಮೇಲೆ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ.

ಕಾಲೇಜಿನ ಬಾಗಿಲು ತೆರೆಯುವ ವಿಷಯದಲ್ಲಿ ಮೈಸೂರು ಸೀಮೆ ಯಾರಿಗೂ ಕಡಿಮೆಯಿಲ್ಲ. ಮೈಸೂರು ವಿಶ್ವವಿದ್ಯಾಲಯ ಆರಂಭವಾದದ್ದು 1916ರಲ್ಲಿ. ಎರಡೇ ವರ್ಷಕ್ಕೆ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸರ್ಕಾರಿ ಹುದ್ದೆಗಳಲ್ಲಿ ಎಲ್ಲ ಸಮುದಾಯಗಳಿಗೂ ಪ್ರಾತಿನಿಧ್ಯ ಸಿಗಬೇಕೆಂಬುದರ ಜೊತೆಗೆ, ಹಿಂದುಳಿದ ಸಮುದಾಯಗಳ ಮಕ್ಕಳು ಉನ್ನತ ವಿದ್ಯಾಭ್ಯಾಸಕ್ಕೆ ಬರುವಂತೆ ಇನ್ನೇನು ಅನುಕೂಲ ಮಾಡಿಕೊಡಬೇಕೆಂಬುದೂ ಆ ಸಮಿತಿಯ ಮುಂದಿದ್ದ ಪ್ರಶ್ನೆಯಾಗಿತ್ತು. ಅಲ್ಲಿಂದ ಮುಂದಕ್ಕೆ ಹಾಸ್ಟೆಲ್‌ಗಳು ಬಂದವು, ಮೀಸಲಾತಿ ಬಂತು, ವಿದ್ಯಾರ್ಥಿವೇತನ ಬಂತು, ಹಾಸ್ಟೆಲ್‌ನಲ್ಲಿ ಜಾಗ ಸಿಗದವರ ಊಟ ವಸತಿಗೆಂದು ವಿದ್ಯಾಸಿರಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5ರಷ್ಟು ಸೀಟುಗಳನ್ನು ಕಾದಿರಿಸಿತು. ಪರೀಕ್ಷೆ ಬರೆಯುವಾಗ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕೆಂಬ ಮಾರ್ಗಸೂಚಿಯೂ ಇದೆ, ಬರೆದುಕೊಡಲು ಸಹಾಯಕರನ್ನು ಪಡೆಯುವ ಅವಕಾಶವೂ ಇದೆ. ಇವೆಲ್ಲ ಹೋರಾಡಿ ಪಡೆದವು, ಉಳಿಸಿಕೊಳ್ಳಬೇಕಾದವು.

ಆದರೆ ಒಂದು ಮಾತನ್ನು ಗಮನಿಸಬೇಕು. ಈ ನೆರವಿನಲ್ಲಿ ಬಹುಪಾಲು ಸೀಟು ಸಿಗುವಾಗ ಒದಗುತ್ತದೆ, ಇಲ್ಲವೇ ಪರೀಕ್ಷೆ ಬರೆಯುವಾಗ ಒದಗುತ್ತದೆ. ಇವೆರಡರ ನಡುವೆ ನಡೆಯುವ ಪಾಠದಲ್ಲಿ ವಿದ್ಯಾರ್ಥಿ ಬಹುತೇಕ ಒಂಟಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯ ಎರಡು ವರ್ಷವನ್ನು ಗಟ್ಟುಹೊಡೆದು ದಾಟಿ, ಬಿ.ಎಸ್‌ಸಿ.ಗೆ ಸೇರಿದ ಹುಡುಗಿಯೊಬ್ಬಳನ್ನು ನೆನೆಯಿರಿ. ನಾಗಮಂಗಲದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಎಂಬತ್ತು ಜನರ ತರಗತಿಯಲ್ಲಿ ಕೂರುತ್ತಾಳೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಲೆಕ್ಕ ಬಿಡಿಸಿ, 'ಎನಿ ಡೌಟ್ಸ್?' ಎಂದು ಕೇಳುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ. ಅವಳಿಗೆ ಸಂದೇಹ ಇಲ್ಲವೆಂದಲ್ಲ. ಎಂಬತ್ತು ಜನರ ಮುಂದೆ ಅದನ್ನು ಇಂಗ್ಲಿಷಿನಲ್ಲಿ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅದೇ ತರಗತಿಯಲ್ಲಿ ಕಿವಿ ಸರಿಯಾಗಿ ಕೇಳದ ಹುಡುಗನಿದ್ದರೆ, ಮೇಷ್ಟ್ರು ಬೋರ್ಡಿನತ್ತ ಮುಖ ಮಾಡಿ ಹೇಳಿದ್ದೆಲ್ಲ ಅವನ ಪಾಲಿಗೆ ಇಲ್ಲವೇ ಇಲ್ಲ. 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರು ಮೈಸೂರು. ಅಲ್ಲಿ ಬೆಳೆದ ಜ್ಞಾನ ಊರಿನ ಪ್ರತಿಯೊಂದು ಪದವಿ ತರಗತಿಯ ಬೋರ್ಡಿನವರೆಗೂ ಬರಬೇಕೆಂದು ಬಯಸುವುದು ಅತಿಯಾಸೆಯಲ್ಲ.

ನಾನಿರುವ ದೇಶದಲ್ಲಿ ನಡುವಿನ ಈ ಪಾಠಕ್ಕೆ ಕಾನೂನಿನ ಬಲವಿದೆ. 1973ರ ಪುನರ್ವಸತಿ ಕಾಯ್ದೆ ಮತ್ತು 1990ರ ಅಂಗವಿಕಲರ ಕಾಯ್ದೆಯ ಪ್ರಕಾರ, ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಏರ್ಪಾಡು ಮಾಡುವುದು ವಿಶ್ವವಿದ್ಯಾಲಯದ ಹೊಣೆ. ಸೆಮಿಸ್ಟರ್ ಶುರುವಾಗುವಾಗ ಅದಕ್ಕೆಂದೇ ಇರುವ ಕಚೇರಿಯಿಂದ ನನಗೆ ಪತ್ರ ಬರುತ್ತದೆ. ಈ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಒಂದೂವರೆ ಪಟ್ಟು ಸಮಯ ಕೊಡಿ, ನೋಟ್ಸನ್ನು ಪಾಠಕ್ಕೆ ಮುಂಚೆಯೇ ಕಳಿಸಿ, ಮಾತನ್ನು ಆಗಿಂದಾಗಲೇ ಅಕ್ಷರವಾಗಿಸಿ ತೋರಿಸುವವರೊಬ್ಬರು ತರಗತಿಗೆ ಬರುತ್ತಾರೆ, ಹೀಗಿರುತ್ತದೆ ಅದರ ಒಕ್ಕಣೆ. ಕಾಯಿಲೆಯ ಹೆಸರು ಅದರಲ್ಲಿರುವುದಿಲ್ಲ, ನಾನು ಕೇಳುವಂತೆಯೂ ಇಲ್ಲ. ವಿದ್ಯಾರ್ಥಿ ತನ್ನ ಕಷ್ಟವನ್ನು ಪ್ರತಿ ಮೇಷ್ಟ್ರ ಮುಂದೆ ಹೇಳಿಕೊಂಡು ತಿರುಗಬೇಕಾಗಿಲ್ಲ ಎಂಬುದೇ ಇದರಲ್ಲಿರುವ ದೊಡ್ಡ ಮರ್ಯಾದೆ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆ ಎನ್ನಲಾರೆ. ಆ ಪತ್ರ ಹೊರಡಬೇಕಾದರೆ ವಿದ್ಯಾರ್ಥಿಯೇ ಮೊದಲು ಕಚೇರಿಗೆ ಹೋಗಿ ಕೇಳಬೇಕು, ವೈದ್ಯರ ದಾಖಲೆ ತರಬೇಕು. ಕೈಯಲ್ಲಿ ದುಡ್ಡಿಲ್ಲದವರಿಗೆ ಆ ದಾಖಲೆಯೇ ದುಬಾರಿ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಅಲ್ಲಿಯೂ ಬಾಯಿಬಿಟ್ಟು ಕೇಳುವುದಿಲ್ಲ. ಸಾಲ ಮಾಡಿ ಓದುತ್ತಾ, ರಾತ್ರಿ ಪಾಳಿಯಲ್ಲಿ ದುಡಿದು ಬೆಳಿಗ್ಗೆ ತರಗತಿಗೆ ಬರುವವರು ನನ್ನ ಎದುರಿಗೇ ತೂಕಡಿಸುತ್ತಾರೆ. ಮೈಸೂರಿನ ಸರ್ಕಾರಿ ಹಾಸ್ಟೆಲ್‌ನ ಉಚಿತ ಊಟ, ವಸತಿಯ ಬೆಲೆ ನನಗೆ ಸರಿಯಾಗಿ ಅರ್ಥವಾದದ್ದು ಅವರನ್ನು ನೋಡಿದ ಮೇಲೆ.

ಅಮೆರಿಕದಿಂದ ನಾವು ತರಬಹುದಾದ ಅತ್ಯುತ್ತಮ ವಿಚಾರ ಹಣಕಾಸಿನದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಹೆಚ್ಚಾಗಿ ಫೇಲಾಗುತ್ತಿದ್ದರು. ತಯಾರಿ ಸಾಲದು, ಆಸಕ್ತಿಯಿಲ್ಲ, ಮನೆಯ ಬೆಂಬಲವಿಲ್ಲ ಎಂದೆಲ್ಲ ಅಧ್ಯಾಪಕರು ಊಹಿಸಿದ್ದರು. ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ವಿದ್ಯಾರ್ಥಿಗಳ ನಡುವೆಯೇ ಇದ್ದು ನೋಡಿದಾಗ ಆ ಊಹೆಗಳು ನಿಲ್ಲಲಿಲ್ಲ. ಚೀನೀ ಮೂಲದ ವಿದ್ಯಾರ್ಥಿಗಳು ಸಂಜೆ ಒಟ್ಟಿಗೆ ಕೂತು ಲೆಕ್ಕ ಮಾಡುತ್ತಿದ್ದರು; ಕಪ್ಪು ವಿದ್ಯಾರ್ಥಿಗಳು ಅಷ್ಟೇ ಶ್ರದ್ಧೆಯಿಂದ, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಟ್ರೈಸ್‌ಮನ್ ಏರ್ಪಡಿಸಿದ ಗುಂಪು ಅಧ್ಯಯನದಲ್ಲಿ ಸುಲಭದ ಲೆಕ್ಕಗಳಿರಲಿಲ್ಲ, ಬೇಕೆಂದೇ ಕಠಿಣವಾದವು ಇದ್ದವು. ಫಲಿತಾಂಶ ಬದಲಾಯಿತು. ಅದೇ ದಶಕದಲ್ಲಿ, 1973ರಲ್ಲಿ, ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಪೂರಕ ಬೋಧನೆಯ ಪದ್ಧತಿಯೂ ಇದೇ ದಾರಿಯದು. ಅಲ್ಲಿ ಗುರುತಿಸುವುದು ದುರ್ಬಲ ವಿದ್ಯಾರ್ಥಿಗಳನ್ನಲ್ಲ, ಹೆಚ್ಚು ಜನ ಫೇಲಾಗುವ ಪಾಠಗಳನ್ನು. ಆ ಪಾಠವನ್ನು ಹಿಂದೆ ಚೆನ್ನಾಗಿ ಕಲಿತ ಹಿರಿಯ ವಿದ್ಯಾರ್ಥಿಯೊಬ್ಬ ಮತ್ತೊಮ್ಮೆ ತರಗತಿಯಲ್ಲಿ ಕೂತು, ಬಳಿಕ ಬಯಸಿದವರೆಲ್ಲರನ್ನೂ ಕೂರಿಸಿಕೊಂಡು ಅಭ್ಯಾಸ ಮಾಡಿಸುತ್ತಾನೆ. ಅದಕ್ಕೆ ಅವನಿಗೆ ಸಂಭಾವನೆ ಇರುತ್ತದೆ.

ಹಿಂದೆ ಬಿದ್ದವರಿಗೆಂದು ನಮ್ಮ ಕಡೆ ನಡೆಸುವ ರೆಮಿಡಿಯಲ್ ಕ್ಲಾಸ್‌ಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೋಟಿಸ್ ಬೋರ್ಡಿನಲ್ಲಿ ಹೆಸರು ಬಂದ ಕೂಡಲೇ ವಿದ್ಯಾರ್ಥಿಯ ತಲೆ ತಗ್ಗುತ್ತದೆ, ಮುಂದಿನ ವಾರದಿಂದ ಅವನು ಅತ್ತ ಸುಳಿಯುವುದಿಲ್ಲ. ಹಾಸ್ಟೆಲ್ ರೂಮುಗಳಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಯಾವ ಆದೇಶವೂ ಇಲ್ಲದೆ ನಡೆಯುತ್ತದೆ. ರಾತ್ರಿ ಊಟವಾದ ಮೇಲೆ ಸೀನಿಯರ್ ಒಬ್ಬರು ಹಾಸಿಗೆಯ ಮೇಲೆ ಪುಸ್ತಕ ಹರಡಿಕೊಂಡು, 'ಬಾ ಇಲ್ಲಿ, ಈ ಸ್ಟೆಪ್ ಯಾಕೆ ಬಂತು ಹೇಳು ನೋಡಣ' ಎನ್ನುತ್ತಾರೆ. ಸೂತ್ರ ಇಂಗ್ಲಿಷಿನಲ್ಲಿ, ವಿವರಣೆ ಮಂಡ್ಯದ ಕನ್ನಡದಲ್ಲಿ. ನಾನು ಗಣಿತ ಕಲಿತದ್ದರಲ್ಲಿ ಒಂದು ಪಾಲು ಅಲ್ಲಿಯದು. ಅಮೆರಿಕದವರು ಕಚೇರಿ ಕಟ್ಟಿ, ಸಂಬಳ ಕೊಟ್ಟು ಹುಟ್ಟಿಸಿಕೊಳ್ಳಬೇಕಾದ ಸಂಬಂಧ ನಮ್ಮಲ್ಲಿ ತಾನಾಗಿಯೇ ಇದೆ. ಕಾಲೇಜು ಮಾತ್ರ ಅದನ್ನು ತನ್ನ ಪಾಠದ ಭಾಗವೆಂದು ಇನ್ನೂ ಒಪ್ಪಿಕೊಂಡಿಲ್ಲ.

ಒಪ್ಪಿಕೊಳ್ಳುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಪ್ರತಿ ಕಾಲೇಜೂ ತನ್ನ ಹಿಂದಿನ ಫಲಿತಾಂಶಗಳನ್ನು ತೆಗೆದು ನೋಡಿ, ಅತಿ ಹೆಚ್ಚು ಜನ ಫೇಲಾದ ಎರಡೋ ಮೂರೋ ವಿಷಯಗಳನ್ನು ಆರಿಸಿಕೊಳ್ಳಲಿ. ಆ ವಿಷಯಗಳನ್ನು ಚೆನ್ನಾಗಿ ಬಲ್ಲ ಅಂತಿಮ ವರ್ಷದವರಿಗೆ ತಿಂಗಳಿಗಿಷ್ಟು ಎಂದು ಗೌರವಧನ ಕೊಡಲಿ, ಎಲ್ಲರಿಗೂ ತೆರೆದ ಒಂದು ಕೊಠಡಿ ಕೊಡಲಿ, ಅಲ್ಲಿ ಕನ್ನಡದಲ್ಲಿ ಕೇಳಲು ಯಾರೂ ಹಿಂಜರಿಯದಂತೆ ಮೇಷ್ಟ್ರೇ ಮೊದಲ ದಿನ ಬಂದು ಹೇಳಲಿ. ಹುಡುಗಿಯರ ಹಾಸ್ಟೆಲ್‌ಗಳಲ್ಲೂ ಇದೇ ಏರ್ಪಾಡು ಬೇಕು. ಸಮಯವನ್ನು ಮಾತ್ರ ಎಚ್ಚರದಿಂದ ಇಡಬೇಕು. ಸಂಜೆ ಐದರ ನಂತರ ಇಟ್ಟರೆ ನಾಗಮಂಗಲಕ್ಕೋ ಕೆ.ಆರ್.ಪೇಟೆಗೋ ಹೋಗುವವರು ಬಸ್ಸಿಗೆ ಓಡುತ್ತಾರೆ, ಯಾರಿಗೆ ಬೇಕಿತ್ತೋ ಅವರೇ ತಪ್ಪಿಸಿಕೊಳ್ಳುತ್ತಾರೆ. ವಾರಕ್ಕೆ ಎರಡು ಪಿರಿಯಡ್ ಆದರೂ ಹಗಲಿನ ವೇಳಾಪಟ್ಟಿಯೊಳಗೇ ಇದಕ್ಕೆ ಜಾಗ ಸಿಗಬೇಕು. ಮಂಡ್ಯದ ಒಂದು ಕಾಲೇಜು, ಮೈಸೂರಿನ ಒಂದು ಕಾಲೇಜು ಮುಂದಿನ ಜೂನ್, ಜುಲೈನ ಪ್ರವೇಶದ ಹೊತ್ತಿಗೆ ಇದಕ್ಕೆ ಮನಸ್ಸು ಮಾಡಿದರೆ, ಹಿರಿಯ ವಿದ್ಯಾರ್ಥಿಗಳನ್ನು ತಯಾರು ಮಾಡುವ ಕೆಲಸಕ್ಕೆ ನನ್ನ ರಜೆಯನ್ನು ಸಂತೋಷದಿಂದ ಕೊಡುತ್ತೇನೆ.