ನಾವೂ ಸ್ವಂತ ಮನೆಯಲ್ಲೇ ಇದ್ದೀವಿ ಕಣ್ರೀ

ನಿನ್ನೆ ದಟ್ಟಗಳ್ಳಿಯಲ್ಲಿ ನೆಂಟರ ಗೃಹಪ್ರವೇಶ. ಮನೆ ಚೆನ್ನಾಗಿದೆ, ಊಟವೂ ಚೆನ್ನಾಗಿತ್ತು, ಅದರಲ್ಲಿ ತಕರಾರಿಲ್ಲ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಬರಲಿ ಅಂತ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ನಮ್ಮ ಭಾವ ಅಷ್ಟು ಜನರ ಮುಂದೆ, "ಎಲ್ಲರದ್ದೂ ಒಂದೊಂದು ಸ್ವಂತ ಮನೆ ಆಯ್ತು, ನಿಂದೊಂದೇ ಬಾಕಿ ನೋಡಮ್ಮ" ಅಂದರು.

ನಾವು ಬೋಗಾದಿ ಕಡೆ ಫ್ಲ್ಯಾಟ್ ತೆಗೆದುಕೊಂಡಿದ್ದು ಅವರಿಗೆ ಗೊತ್ತು. ಹಾಲು ಉಕ್ಕಿಸಿದ ದಿನ ಬಂದು ಬೆಳ್ಳಿ ಕುಂಕುಮ ಬಟ್ಟಲು ಕೊಟ್ಟು ಹೋದವರೇ ಅವರು. ಆದರೂ ಅದು ಲೆಕ್ಕಕ್ಕಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ, ಖಾತೆ ಮಾಡಿಸಿ, ಶೇ. 5 ರಿಯಾಯಿತಿ ಸಿಗಲಿ ಅಂತ ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ ಬರುವ ನಾನು ಇವರ ಕಣ್ಣಿಗೆ ಇನ್ನೂ ಬಾಡಿಗೆಯವಳೇ.

ಸೈಟಿನ ಹುಚ್ಚು ನಮ್ಮ ಮೈಸೂರಿಗೆ ಹೊಸದಲ್ಲ ಬಿಡಿ. 1903ರಲ್ಲೇ ಸಿಐಟಿಬಿ, ಅಂದರೆ ಬಡಾವಣೆ ಮಾಡಿ ಸೈಟು ಹಂಚುವ ನಗರ ಸುಧಾರಣಾ ಮಂಡಳಿ, ಶುರುವಾದ ಊರು ಇದು. ಆಮೇಲೆ ಅದರ ಜಾಗಕ್ಕೆ ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಬಂತು. ಸೈಟಿಗೆ ಅರ್ಜಿ ಹಾಕದ ಒಂದು ಸಂಸಾರ ಮೈಸೂರಲ್ಲಿ ಇದ್ದರೆ ತೋರಿಸಿ. ಮೂವತ್ತು ನಲವತ್ತೋ, ನಲವತ್ತು ಅರವತ್ತೋ ಅನ್ನುವುದರ ಮೇಲೆ ಮನುಷ್ಯನ ಯೋಗ್ಯತೆ ಅಳೆಯುವ ಜನ ನಾವು.

ಭಾವನವರ ವಾದ ಇಷ್ಟೇ. "ನೆಲ ಎಲ್ಲಿದೆ? ಆಕಾಶಕ್ಕೆ ದುಡ್ಡು ಕೊಟ್ಟಿದ್ದೀಯ." ನೆಲ ಇದೆ ಸ್ವಾಮಿ. ಕಟ್ಟಡ ನಿಂತ ನೆಲದಲ್ಲಿ ನನ್ನ ಅವಿಭಜಿತ ಪಾಲು, ಅಂದರೆ ಬೇರೆ ಮಾಡಿ ಹಂಚದ ಪಾಲು, ಇಷ್ಟು ಚದರಡಿ ಅಂತ ನನ್ನ ಕ್ರಯಪತ್ರದಲ್ಲೇ ಬರೆದಿದೆ. ಅದಕ್ಕೆ ಕಾಂಪೌಂಡ್ ಹಾಕಿಕೊಳ್ಳಲು ಬರುವುದಿಲ್ಲ, ಅಷ್ಟೇ. ಫ್ಲ್ಯಾಟಿನ ಜೊತೆ ಅದನ್ನೂ ಮಾರಬಹುದು, ಅಡ ಇಡಬಹುದು, ಮಗಳ ಹೆಸರಿಗೆ ಬರೆಯಬಹುದು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಹೆಸರಲ್ಲೇ 1972 ಅಂತ ಇದೆ. ನಮ್ಮ ಭಾವನಿಗೆ ಇನ್ನೂ ಸುದ್ದಿ ತಲುಪಿಲ್ಲ. ಸೂಪರ್ ಬಿಲ್ಟ್‌ಅಪ್ ಅಂತ ಮೆಟ್ಟಿಲು, ಲಿಫ್ಟು ಎಲ್ಲ ಸೇರಿಸಿ ಟೋಪಿ ಹಾಕುತ್ತಾರೆ ಅಂತೀರಾ? ಹಾಕುತ್ತಿದ್ದರು. ಅದಕ್ಕೇ ತಾನೇ ಬಿಲ್ಡರ್‌ಗಳಿಗೆ ಲಗಾಮು ಹಾಕುವ 2016ರ ರೇರಾ ಕಾಯ್ದೆಯಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಮ್ಮ ಬಳಕೆಗೆ ಸಿಗುವ ಜಾಗ, ಹೇಳಲೇಬೇಕು ಅಂತ ಮಾಡಿದ್ದು. ಓದಿ ಸಹಿ ಹಾಕಬೇಕಪ್ಪ.

ನನ್ನ ಸಿಟ್ಟು ಕಾಗದಪತ್ರದ್ದಲ್ಲ. ಸ್ವಂತ ಮನೆ ಸುಖ, ಸ್ವಂತ ಮನೆ ಸುಖ ಅಂತ ಹಾಡುವವರಲ್ಲಿ ಒಬ್ಬರಾದರೂ ಆ ಮನೆಯ ಅಂಗಳ ಗುಡಿಸಿದ್ದಾರಾ?

ಫ್ಲ್ಯಾಟಿಗೆ ಬರುವ ಮೊದಲು ನಾವಿದ್ದದ್ದು ಕುವೆಂಪುನಗರದ ಸ್ವಂತ ಮನೆಯಲ್ಲಿ. ಬೆಳಗಿನ ಜಾವ ನಲ್ಲಿಯಲ್ಲಿ ಸುಯ್ ಅಂತ ಗಾಳಿ ಬಂದರೆ ಸಾಕು, ಎದ್ದು ಹೋಗಿ ಸಂಪಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡುತ್ತಿದ್ದವಳು ನಾನು. ಮೋಟ್ರು ಗಾಳಿ ಹಿಡಿದರೆ ಮೇಲಿನ ನಟ್ಟು ಬಿಚ್ಚಿ, ಚೊಂಬಿನಲ್ಲಿ ನೀರು ಹುಯ್ದು, ಓಡಿ ಹೋಗಿ ಸ್ವಿಚ್ ಹಾಕಿ, ಎತ್ತಲಿಲ್ಲ ಅಂದರೆ ಮತ್ತೆ ಹುಯ್ದು, ಸೀರೆ ನೆರಿಗೆಯೆಲ್ಲ ಒದ್ದೆ. ಟ್ಯಾಂಕ್ ತುಂಬಿ ಚೆಲ್ಲಿದರೆ ಎದುರು ಮನೆಯವರು "ರೀ, ನೀರು ಬೀಳ್ತಿದೆ" ಅಂತ ಕೂಗುತ್ತಿದ್ದದ್ದೂ ನನ್ನನ್ನೇ. ಬೀದಿಯ ಹೊಂಗೆ ಮರದ ಎಲೆ ಗುಡಿಸಿ ರಂಗೋಲಿ ಹಾಕಿ ಒಳಗೆ ಬರುವಷ್ಟರಲ್ಲಿ ಮತ್ತೆ ಅಷ್ಟೇ ಎಲೆ. ನಮ್ಮನೆಯವರು ಅಲ್ಲೇ ಜಗಲಿಯಲ್ಲಿ ಪೇಪರ್ ಹಿಡಿದು, ಕಾಫಿ ಹೀರುತ್ತಾ, "ಏನೇ ಹೇಳು, ಸ್ವಂತ ಮನೆ ಸುಖವೇ ಸುಖ" ಅನ್ನುತ್ತಿದ್ದರು. (ಇದನ್ನು ಅವರೂ ಓದುತ್ತಾರೆ. ಓದಲಿ.)

ಪಕ್ಕದ ಖಾಲಿ ಸೈಟು ಇನ್ನೊಂದು ಕಥೆ. ಪಾರ್ಥೇನಿಯಂ ಆಳೆತ್ತರ. ಮಳೆ ಬಂತೋ, ಬಟ್ಟೆ ಒಗೆಯೋ ಕಲ್ಲಿನ ಹಿಂದೆ ಹಾವು. ಹಾವು ಹಿಡಿಯುವ ಸ್ನೇಕ್ ಶ್ಯಾಮ್ ಅವರ ನಂಬರ್ ಗೋಡೆ ಮೇಲೆ ಬರೆದಿಟ್ಟುಕೊಂಡಿದ್ದೆ. ಮಗಳ ಮನೆಗೆ ಪುಣೆಗೆ ಹೋಗಬೇಕೆಂದರೆ ಹಾಲಿನವನಿಗೆ ಹೇಳು, ಪೇಪರಿನವನಿಗೆ ಹೇಳು, ಸಂಜೆ ಲೈಟ್ ಹಾಕಲು ಯಾರನ್ನಾದರೂ ಗೊತ್ತು ಮಾಡು. ಹೋದ ಮೇಲೂ ಜೀವವೆಲ್ಲ ಬೀಗದ ಮೇಲೆಯೇ. ಈಗ? ಬಾಗಿಲೆಳೆದುಕೊಂಡು, ಸೆಕ್ಯೂರಿಟಿಯವರಿಗೆ ಒಂದು ಮಾತು ಹೇಳಿ ಹೊರಟರೆ ಮುಗೀತು.

ಮೇಂಟೆನೆನ್ಸ್ ಬಗ್ಗೆ ಭಾವ ಕೇಳೇ ಕೇಳಿದರು. "ಅದಕ್ಕೂ ಜಿಎಸ್‌ಟಿ ಅಂತಲ್ಲಮ್ಮ?" ತಿಂಗಳಿಗೆ 7,500 ದಾಟಿದರೆ ತಾನೇ ಆ ಮಾತು. ನಾವು ಕೊಡುವುದು ಅದರ ಅರ್ಧವೂ ಇಲ್ಲ. ಅಷ್ಟಕ್ಕೆ ಸಂಪು, ಮೋಟ್ರು, ಗುಡಿಸುವುದು, ಲಿಫ್ಟು, ಗೇಟು ಎಲ್ಲ ಬರುತ್ತದೆ. ನಾನು ಅಷ್ಟು ವರ್ಷ ಮಾಡಿದ್ದಕ್ಕೆ ಯಾರೂ ಬಿಲ್ ಹಾಕಿರಲಿಲ್ಲ, ಅದಕ್ಕೇ ಅದು ಪುಕ್ಕಟೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಅಪಾರ್ಟ್‌ಮೆಂಟಿನಲ್ಲಿ ಜಗಳ ಜಾಸ್ತಿ ಅನ್ನುತ್ತಾರೆ. ಜಾಸ್ತಿಯೇ. ಪಾರ್ಕಿಂಗಿಗೆ, ನಾಯಿಗೆ, ಮೇಲಿನ ಮನೆಯ ಬಾತ್‌ರೂಮ್ ಸೋರುವುದಕ್ಕೆ, ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹಾಕಿದ್ದಕ್ಕೆ. ಆದರೆ ಜಗಳ ಆಡಲು ಒಂದು ಮೀಟಿಂಗ್ ಅಂತ ಇದೆ. ಕುವೆಂಪುನಗರದಲ್ಲಿ ಹಿಂದಿನ ಮನೆಯವರು ಒಂದಡಿ ಜಾಗವನ್ನೂ ಬಿಡದೆ ಗೋಡೆ ಎಬ್ಬಿಸಿ ನಮ್ಮ ಅಡುಗೆಮನೆಗೆ ಕತ್ತಲು ಮಾಡಿದಾಗ ಯಾವ ಮೀಟಿಂಗ್ ಇತ್ತು? ಇವರು ಹೋಗಿ ಕೇಳಿದ್ದಕ್ಕೆ "ನಮ್ಮ ಸೈಟು, ನಮ್ಮಿಷ್ಟ" ಅಂದರು. ಆವತ್ತು ಗೊತ್ತಾಯಿತು, ಸ್ವಂತ ಮನೆ ಸುಖ ಅಂದರೆ ಏನು ಅಂತ.

ಬೇಜಾರೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಆ ಹಳೇ ಮನೆಯ ಕೀಲಿ ಬಿಟ್ಟುಕೊಟ್ಟ ದಿನ ಆಟೋದಲ್ಲಿ ಅತ್ತಿದ್ದೇನೆ. ಇವತ್ತಿಗೂ ದುಡ್ಡು ಕೊಟ್ಟು ಕರಿಬೇವು ತರುವಾಗ ಹೊಟ್ಟೆ ಉರಿಯುತ್ತದೆ. ಹಾಗಂತ ಒಂದು ಕಡ್ಡಿ ಕರಿಬೇವಿಗೆ ಮತ್ತೆ ಸಂಪಿನ ಮುಚ್ಚಳ ಎತ್ತಲಾರೆ. ನಮ್ಮತ್ತೆಯನ್ನು ಕೇಳಿ ನೋಡಿ. ಮೊದಲು ನಾಲ್ಕು ಮೆಟ್ಟಿಲು ಇಳಿಯಲು ಹೆದರಿ ಇಡೀ ದಿನ ಒಳಗೇ ಇರುತ್ತಿದ್ದವರು. ಈಗ ಸಂಜೆ ಐದಕ್ಕೆ ಲಿಫ್ಟಿನಲ್ಲಿ ಕೆಳಗಿಳಿದರೆ, ಬೆಂಚಿನ ಮೇಲೆ ಅವರ ಗುಂಪು ಕೂತು ಸೊಸೆಯಂದಿರ ವಿಚಾರಣೆ ಶುರು. ಊಟಕ್ಕೆ ಕರೆದರೂ ಬರುವುದಿಲ್ಲ.

ಇನ್ನು ಜಾಸ್ತಿ ಬರೆಯಲು ಹೊತ್ತಿಲ್ಲ. ತಾರಸಿ ಮೇಲೆ ಸಂಡಿಗೆ ಒಣಗಿಸಬಾರದು ಅಂತ ಸೆಕ್ರೆಟರಿ ನೋಟಿಸ್ ಅಂಟಿಸಿದ್ದಾರೆ, ಆರು ಗಂಟೆಗೆ ಮೀಟಿಂಗ್. ಎಲ್ಲರಿಗೂ ಸೇರಿದ ಜಾಗವನ್ನು ಬೇರೆಯವರಿಗೆ ಅಡ್ಡಿಯಾಗದಂತೆ ಬಳಸಲು ಪ್ರತಿ ಮಾಲೀಕರಿಗೂ ಹಕ್ಕಿದೆ ಅಂತ ಅದೇ 1972ರ ಕಾಯ್ದೆಯಲ್ಲಿದೆ. ಪ್ರಿಂಟ್ ತೆಗೆಸಿದ್ದೇನೆ. ಹೋದ ವರ್ಷದ ಅರಳು ಸಂಡಿಗೆ ಒಂದು ಡಬ್ಬಿ ಉಳಿದಿದೆ, ಅದನ್ನೂ ಕರಿದುಕೊಂಡು ಹೋಗುತ್ತಿದ್ದೇನೆ. ಕಾಯ್ದೆಗೆ ಬಗ್ಗದಿದ್ದರೆ ಇದಕ್ಕೆ ಬಗ್ಗುತ್ತಾರೆ.